ಬೋಧನಯಂತ್ರದಿಂದ ಕೃತಕ ಬುದ್ಧಿಮತ್ತೆಯವರೆಗೆ: ಒಂದು ಐತಿಹಾಸಿಕ ಅವಲೋಕನ

ಕೃತಕ ಬುದ್ಧಿಮತ್ತೆಯು ಶಾಲೆಯನ್ನು ಪ್ರವೇಶಿಸುತ್ತಿರುವ ಈ ಸಂದರ್ಭದಲ್ಲಿ ಎರಡು ಬಗೆಯ ಅಭಿಪ್ರಾಯಗಳು ಕೇಳಿಬರುತ್ತಿವೆ. ಅದು ಪ್ರತಿಯೊಂದು ಮಗುವಿಗೂ ಪ್ರತ್ಯೇಕ ಗುರುವನ್ನು ಒದಗಿಸಬಲ್ಲದೆಂದು ಕೆಲವರು ನಂಬುತ್ತಾರೆ. ಗುರುವನ್ನೇ ಅನಾವಶ್ಯಕವಾಗಿಸುವುದೆಂದು ಕೆಲವರು ಅಂಜುತ್ತಾರೆ. ಈ ಆಸೆಯಾಗಲಿ ಅಂಜಿಕೆಯಾಗಲಿ ಹೊಸದಲ್ಲ. ಅವಕ್ಕೆ ಸುಮಾರು ನೂರು ವರ್ಷಗಳ ಇತಿಹಾಸವುಂಟು. ಪ್ರಕೃತ ಸಮಸ್ಯೆಯಲ್ಲಿ ಹಳೆಯದೆಷ್ಟು, ಹೊಸದೆಷ್ಟು ಎಂಬುದನ್ನು ಇಲ್ಲಿ ಸಂಕ್ಷೇಪವಾಗಿ ವಿವೇಚಿಸೋಣ.

ಅಮೆರಿಕದ ಒಹಾಯೊ ರಾಜ್ಯ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರಾದ ಸಿಡ್ನಿ ಪ್ರೆಸ್ಸಿಯವರು 1920ರ ದಶಕದಲ್ಲಿ ಒಂದು ಸಣ್ಣ ಯಂತ್ರವನ್ನು ರಚಿಸಿದರು. ಅದರ ಕಿಂಡಿಯಲ್ಲಿ ಒಂದು ಪ್ರಶ್ನೆ ಕಾಣಿಸುತ್ತಿತ್ತು; ವಿದ್ಯಾರ್ಥಿಯು ನಾಲ್ಕು ಉತ್ತರಗಳಲ್ಲಿ ಸರಿಯಾದುದರ ಕೀಲಿಯನ್ನು ಒತ್ತುವವರೆಗೆ ಮುಂದಿನ ಪ್ರಶ್ನೆ ಬರದಂತೆ ಅದನ್ನು ಅಳವಡಿಸಬಹುದಾಗಿತ್ತು. ಉಪಾಧ್ಯಾಯರನ್ನು ಉತ್ತರ ತಿದ್ದುವ ದುಡಿಮೆಯಿಂದ ಬಿಡಿಸುವುದು ಅವರ ಆಶಯ. ಆದರೆ ಆರ್ಥಿಕ ಮುಗ್ಗಟ್ಟಿನ ಆ ಕಾಲದಲ್ಲಿ ಯಂತ್ರಕ್ಕೆ ಆದರ ದೊರೆಯಲಿಲ್ಲ. 1932ರಲ್ಲಿ ಪ್ರೆಸ್ಸಿಯವರು ವಿಷಾದದಿಂದಲೇ ಈ ಕಾರ್ಯವನ್ನು ಬಿಟ್ಟರು.

1953ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಬಿ. ಎಫ್. ಸ್ಕಿನ್ನರ್ ಅವರು ತಮ್ಮ ಮಗಳ ಗಣಿತದ ತರಗತಿಗೆ ಹೋಗಿದ್ದಾಗ, ಮಕ್ಕಳು ತಮ್ಮ ಲೆಕ್ಕ ಸರಿಯೋ ತಪ್ಪೋ ತಿಳಿಯದೆಯೇ ಮುಂದುವರಿಯುವುದನ್ನೂ, ಎಲ್ಲರೂ ಒಂದೇ ವೇಗದಲ್ಲಿ ಸಾಗಬೇಕಾಗಿದ್ದುದನ್ನೂ ಕಂಡರು. ಅವರ ಯಂತ್ರವು ಪಾಠವನ್ನು ಚಿಕ್ಕ ಚಿಕ್ಕ ಮೆಟ್ಟಿಲುಗಳಾಗಿ ವಿಂಗಡಿಸಿತು. ಉತ್ತರವನ್ನು ವಿದ್ಯಾರ್ಥಿಯು ಆರಿಸದೆ ತಾನೇ ರಚಿಸಬೇಕಾಗಿತ್ತು. 1960ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಪ್ಲೇಟೊ ಯೋಜನೆಯು ಈ ಕಾರ್ಯಕ್ಕೆ ಗಣಕಯಂತ್ರವನ್ನು ತೊಡಗಿಸಿತು. 1970ರಲ್ಲಿ ಹೈಮೆ ಕಾರ್ಬೊನೆಲ್ ಅವರು ದಕ್ಷಿಣ ಅಮೆರಿಕದ ಭೂಗೋಳವನ್ನು ಬೋಧಿಸುವ 'ಸ್ಕಾಲರ್' ಎಂಬ ಕ್ರಮವಿಧಿಯನ್ನು ಪ್ರಕಟಿಸಿದರು. ಇದರಲ್ಲಿ ಯಂತ್ರವು ವಿದ್ಯಾರ್ಥಿಯನ್ನು ಪ್ರಶ್ನಿಸುವುದಲ್ಲದೆ ವಿದ್ಯಾರ್ಥಿಯೂ ಯಂತ್ರವನ್ನು ಪ್ರಶ್ನಿಸಬಹುದಾಗಿತ್ತು.

ಇವುಗಳಲ್ಲಿ ಎರಡು ಸಮಾನ ಲಕ್ಷಣಗಳನ್ನು ನಾವು ಗುರುತಿಸಬಹುದು. ಯಂತ್ರದಲ್ಲಿದ್ದ ಜ್ಞಾನವನ್ನು ಮನುಷ್ಯರೇ ಪರಿಶೀಲಿಸಿ ಅಳವಡಿಸಿದ್ದರು. ಎರಡನೆಯದಾಗಿ, ಮಗುವಿನ ಪ್ರಯತ್ನವಿಲ್ಲದೆ ಪಾಠವು ಬಹುಮಟ್ಟಿಗೆ ಮುಂದೆ ಸಾಗುತ್ತಿರಲಿಲ್ಲ.

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಸಾರ್ವಜನಿಕರಿಗೆ ದೊರೆತಂದಿನಿಂದ ಈ ಎರಡು ಕಟ್ಟುಗಳೂ ಸಡಿಲವಾಗಿವೆ. ಅಪಾರವಾದ ಬರವಣಿಗೆಯ ರಾಶಿಯಿಂದ ಕಲಿತು, ಮುಂದಿನ ಪದ ಯಾವುದೆಂದು ಊಹಿಸುತ್ತ ವಾಕ್ಯವನ್ನು ಕಟ್ಟುವುದು ಇಂಥ ಯಂತ್ರದ ರೀತಿ. ಆದುದರಿಂದ ಅದು ಸತ್ಯವನ್ನು ಹೇಳುವಷ್ಟೇ ನಿರರ್ಗಳವಾಗಿ ತಪ್ಪನ್ನೂ ಹೇಳಬಲ್ಲದು. ಪ್ರೆಸ್ಸಿಯವರ ಯಂತ್ರವು ಉತ್ತರಕ್ಕಾಗಿ ಮಗುವನ್ನು ಕಾಯುತ್ತಿತ್ತು. ಇಂದಿನದು ಮಗು ಯೋಚಿಸುವ ಮೊದಲೇ ಪ್ರಬಂಧವನ್ನು ಬರೆದುಕೊಡುತ್ತದೆ.

ಹಾಗೆಂದು ಇದರ ಉಪಯೋಗವನ್ನು ಅಲ್ಲಗಳೆಯಲಾಗದು. ತುಂಬಿದ ತರಗತಿಯಲ್ಲಿ ಎದ್ದುನಿಂತು ಕೇಳಲು ನಾಚುವ ಹುಡುಗನು ಅದೇ ಸಂದೇಹವನ್ನು ಇಲ್ಲಿ ಹತ್ತು ಸಲ ಕೇಳಬಹುದು. ಸ್ಕಿನ್ನರ್ ಅವರು ಕಂಡ ಕೊರತೆಗೆ ಇದೊಂದು ನಿಜವಾದ ಪರಿಹಾರ. ಆದರೆ ಇಂಗ್ಲಿಷಿಗೆ ಹೋಲಿಸಿದರೆ ಗಣಕಕ್ಕೆ ದೊರೆಯುವ ಕನ್ನಡ ಬರವಣಿಗೆ ತೀರ ಅಲ್ಪವಾದುದರಿಂದ, ಕನ್ನಡ ಮಾಧ್ಯಮದ ವಿದ್ಯಾರ್ಥಿಗೆ ಅಷ್ಟೇ ಸಮರ್ಪಕವಾದ ನೆರವು ಸಿಕ್ಕೀತೆಂದು ಭಾವಿಸಲಾಗದು. ನೆರವು ಹೆಚ್ಚು ಬೇಕಾದವನಿಗೇ ಅದು ಕಡಮೆಯಾಗುವ ಸಂಭವವಿದೆ.

ಯುನೆಸ್ಕೊ ಸಂಸ್ಥೆಯು 2023ರ ತನ್ನ ಮಾರ್ಗದರ್ಶಿಯಲ್ಲಿ ತರಗತಿಯಲ್ಲಿ ಇವುಗಳ ಬಳಕೆಗೆ 13 ವರ್ಷಗಳ ಕನಿಷ್ಠ ವಯೋಮಿತಿಯನ್ನು ಸೂಚಿಸಿದೆ. ವಯೋಮಿತಿಯೊಂದೇ ಸಾಲದು. ಯಾವ ಅಭ್ಯಾಸದಲ್ಲಿ ಮಗು ತಾನೇ ತಡವರಿಸಿ ಕಲಿಯಬೇಕು, ಯಾವುದರಲ್ಲಿ ಯಂತ್ರದ ನೆರವು ಪಡೆಯಬಹುದು ಎಂಬುದನ್ನು ಆಯಾ ವಿಷಯದ ಅಧ್ಯಾಪಕರೇ ನಿರ್ಣಯಿಸಬೇಕು. ಈ ನಿರ್ಣಯವನ್ನು ಯಂತ್ರ ತಯಾರಿಸುವವರಿಗೆ ಬಿಟ್ಟುಕೊಡಬಾರದೆಂಬುದೇ ನೂರು ವರ್ಷಗಳ ಈ ಇತಿಹಾಸದಿಂದ ನಾವು ಗ್ರಹಿಸಬೇಕಾದ ಮುಖ್ಯಾಂಶ.