ಕಬ್ಬಿಣಕ್ಕೆ ಒಂದು ದಿನ

ಬಿತ್ತನೆ ಬೀಜಕ್ಕೆ ಹತ್ತು ದಿನ. ಕಬ್ಬಿಣಕ್ಕೆ ಒಂದು ದಿನ. ಎತ್ತಿನಂಥ ಹೊರೆ ಹೊರುವ ಪ್ರಾಣಿಗೆ ಐದು, ಮುತ್ತು ಹವಳಕ್ಕೆ ಏಳು, ಹಾಲು ಕರೆಯುವ ಎಮ್ಮೆಗೆ ಮೂರು. ಓದಿದರೆ ಯಾವುದೋ ಆನ್‌ಲೈನ್ ಅಂಗಡಿಯ ರಿಟರ್ನ್ ಪಾಲಿಸಿ ಥರ ಇದೆ ಅಲ್ವಾ? ಇದು ಯಾಜ್ಞವಲ್ಕ್ಯ ಸ್ಮೃತಿಯ ವ್ಯವಹಾರಾಧ್ಯಾಯದ ಒಂದು ಶ್ಲೋಕದ ತಾತ್ಪರ್ಯ. ಕೊಂಡ ವಸ್ತುವನ್ನು ಪರೀಕ್ಷೆ ಮಾಡಿ ನೋಡೋಕೆ ಕೊಳ್ಳುವವನಿಗೆ ಇಷ್ಟಿಷ್ಟು ದಿನ. ಅಷ್ಟರೊಳಗೆ ದೋಷ ಕಂಡರೆ ವಾಪಸ್ ಕೊಡಬಹುದು, ಆಮೇಲೆ ಇಲ್ಲ.

ಈ ಸ್ಮೃತಿಗೆ ಅತಿ ಪ್ರಸಿದ್ಧ ವ್ಯಾಖ್ಯಾನ ಬರೆದದ್ದು ನಮ್ಮ ಕಲ್ಯಾಣದಲ್ಲಿ, ಅಂದರೆ ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076-1126) ಆಳ್ವಿಕೆಯ ಕಾಲದಲ್ಲಿ ವಿಜ್ಞಾನೇಶ್ವರ ಬರೆದ 'ಮಿತಾಕ್ಷರಾ'. ಅಣ್ಣತಮ್ಮಂದಿರ ಆಸ್ತಿ ಜಗಳ ಕೋರ್ಟ್ ಮೆಟ್ಟಿಲು ಹತ್ತಿದ ಮನೆಯವರಿಗೆ ಈ ಹೆಸರು ಚೆನ್ನಾಗಿ ಗೊತ್ತು. ದಾಯಭಾಗದ ಗಲಾಟೆಯಲ್ಲಿ ಎಲ್ಲರೂ ಮರೆತದ್ದು ಏನೆಂದರೆ, ಅದೇ ಪುಸ್ತಕದಲ್ಲಿ ಅಂಗಡಿ, ಬೆಲೆ, ಮೋಸದ ತಕ್ಕಡಿ, ಕೆಟ್ಟ ಮಾಲು, ಎಲ್ಲದಕ್ಕೂ ಜಾಗ ಇದೆ. ಕೊಂಡ ಮಾಲನ್ನು ಹಿಂದಿರುಗಿಸುವ ಪ್ರಕರಣದ ಹೆಸರು 'ಕ್ರೀತಾನುಶಯ'. ಅನುಶಯ ಅಂದರೆ ಪಶ್ಚಾತ್ತಾಪ. ದುಡ್ಡು ಕೊಟ್ಟು ಮನೆಗೆ ತಂದ ಮೇಲೆ ಹೊಟ್ಟೆಯೊಳಗೆ ಶುರುವಾಗುವ ಕಸಿವಿಸಿಗೆ ಕಾನೂನಿನಲ್ಲೇ ಒಂದು ಶೀರ್ಷಿಕೆ ಇತ್ತು ಅನ್ನೋದು ನನಗೆ ಬಹಳ ಸಮಾಧಾನ ಕೊಟ್ಟ ಸಂಗತಿ.

ಯಾಕೆ ಅಂದರೆ ಆ ಹೊತ್ತಿಗೆ ನನ್ನ ಹೊಟ್ಟೆಯಲ್ಲೂ ಅದೇ ಕಸಿವಿಸಿ. ಇಪ್ಪತ್ತೊಂದು ಸಾವಿರ ಕೊಟ್ಟು ನಮ್ಮ ಬಡಾವಣೆಯ ಅಂಗಡಿಯಲ್ಲಿ ಒಂದು ಸೈಕಲ್ ತಗೊಂಡಿದ್ದೆ. ಶೋರೂಮಿನಲ್ಲಿ ನಿಲ್ಲಿಸಿದ್ದನ್ನು ಓಡಿಸಿ ನೋಡಿದ್ದು, ಮನೆಗೆ ಬಂದದ್ದು ಡಬ್ಬ ಒಡೆದು ಜೋಡಿಸಿಕೊಟ್ಟ ಬೇರೆಯದು. ಕಂಪನಿಯವರೇ ಫ್ರೇಮಿಗೆ ಸುತ್ತಿ ಕಳಿಸಿದ್ದ ಫೋಮ್ ಹೊದಿಕೆ ಹಾಗೇ ಇತ್ತು. ಎರಡು ದಿನ ಆಫೀಸಿಗೆ ಹೋಗಿ ಬಂದೆ. ಮೂರನೇ ದಿನ ಸಂಜೆ ಒರೆಸೋಕೆ ಅಂತ ಫೋಮ್ ಬಿಚ್ಚಿದರೆ, ಹ್ಯಾಂಡಲ್ ಹತ್ತಿರದ ಕೆಳಗಿನ ಪೈಪಿನಲ್ಲಿ ಹೆಬ್ಬೆರಳಗಲದ ನೆಗ್ಗು. ಅದರ ಸುತ್ತ ಬಣ್ಣ ಕೂದಲೆಳೆಯಷ್ಟು ಸೀಳಿದೆ.

ಹಳೆಯ ಕರಿ ಸೈಕಲ್ಲಾಗಿದ್ದರೆ ಇದು ದೊಡ್ಡ ವಿಷಯ ಅಲ್ಲ. ಅದು ಉಕ್ಕು, ಕಾಯಿಸಿ, ಬಡಿದು, ವೆಲ್ಡಿಂಗ್ ಮಾಡಿ ಇನ್ನೊಂದು ತಲೆಮಾರು ಓಡಿಸುತ್ತಿದ್ದರು. ನನ್ನದು ಅಲ್ಯೂಮಿನಿಯಂ. ತೆಳು ಪೈಪು, ನೆಗ್ಗಿದರೆ ಸುಲಭಕ್ಕೆ ನೆಟ್ಟಗಾಗಲ್ಲ. ದಿನವೂ ಗುಂಡಿಗಳ ಮೇಲೆ ಅಲುಗಾಡಿ ಅಲುಗಾಡಿ ಒಂದು ದಿನ ನೆಗ್ಗು ಬಿರುಕಾಗಬಹುದು. ಆ ದಿನ ನಾನು ಫ್ಲೈಓವರ್ ಇಳಿಜಾರಿನಲ್ಲಿ ಇರಬಹುದು, ಹಿಂದೆ ಬಸ್ಸು ಇರಬಹುದು.

ಇಷ್ಟಾದರೂ ಅಂಗಡಿಗೆ ಹೋಗಿ ಕೇಳೋದಾ ಬೇಡ್ವಾ ಅಂತ ತೀರ್ಮಾನ ಮಾಡೋಕೆ ಒಂದು ರಾತ್ರಿ ಪೂರ್ತಿ ಬೇಕಾಯಿತು. ಅಪ್ಪ ಹೇಳಿದ್ದು ಎರಡೇ ಮಾತು: "ಓಡುತ್ತಲ್ಲ, ಬಿಡು." ಅಮ್ಮನದು ಬೇರೆ ತಕರಾರು. "ಅರಿಶಿನ ಕುಂಕುಮ ಇಟ್ಟು, ಚಕ್ರದಡಿ ನಿಂಬೆಹಣ್ಣು ಇಟ್ಟು ಪೂಜೆ ಮಾಡಿರೋ ಗಾಡೀನ ಯಾರಾದ್ರೂ ವಾಪಸ್ ಕೊಡ್ತಾರೇನೋ?" ಆಫೀಸಿನ ಗೆಳೆಯ, "ಸುಮ್ನೆ ಒನ್ ಸ್ಟಾರ್ ಹಾಕಿ ಬಿಡು ಗುರು" ಅಂದ. ಬಿಲ್ಲಿನ ಕೆಳಗೆ ಸಣ್ಣಕ್ಷರದಲ್ಲಿ ಅಚ್ಚಾಗಿತ್ತು: ಒಮ್ಮೆ ಮಾರಿದ ಮಾಲನ್ನು ಹಿಂಪಡೆಯಲಾಗುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ತಡೆದದ್ದು ಸೈಕಲ್ ಜೋಡಿಸಿಕೊಟ್ಟ ಹುಡುಗ. ಹತ್ತೊಂಬತ್ತು ಇಪ್ಪತ್ತು ವಯಸ್ಸಿರಬೇಕು. ಕೇಳದೆಯೇ ಸೀಟು ನನ್ನ ಎತ್ತರಕ್ಕೆ ಇಳಿಸಿ, ಗೇಟಿನವರೆಗೂ ಬಂದು ಕಳಿಸಿದ್ದ. ನಾನು ಬಾಯಿ ತೆರೆದರೆ ನೆಗ್ಗು ಮಾಡಿದ್ದು ಅವನೇ ಅಂತ ಆಗಿ, ಸಂಬಳದಲ್ಲಿ ಮುರಿದುಕೊಂಡರೆ?

ಅಪ್ಪನ ಮಾತಿಗೂ ಒಂದು ಚರಿತ್ರೆ ಇದೆ. ಸ್ವಾತಂತ್ರ್ಯದ ಆಚೀಚೆ ಇಲ್ಲಿ ದೊಡ್ಡ ಸೈಕಲ್ ಕಾರ್ಖಾನೆಗಳು ಎದ್ದವು. ಮದ್ರಾಸಿನಲ್ಲಿ ಟಿಐ ಸೈಕಲ್ಸ್ 1949ರಲ್ಲಿ, ಸೋನಿಪತ್‌ನಲ್ಲಿ ಅಟ್ಲಾಸ್ 1951ರಲ್ಲಿ, ಲುಧಿಯಾನದಲ್ಲಿ ಹೀರೋ 1956ರಲ್ಲಿ. ಸರ್ಕಾರಿ ನೌಕರರಿಗೆ ಸೈಕಲ್ ಕೊಳ್ಳೋಕೆ ಮುಂಗಡ ಹಣ ಸಿಗುತ್ತಿತ್ತು, ಅದನ್ನು ತಿಂಗಳು ತಿಂಗಳು ಸಂಬಳದಲ್ಲಿ ಹಿಡಿಯುತ್ತಿದ್ದರು. ಸ್ಕೂಟರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾದ ಜನ ಅವರು. ಫೋನಿಗೂ ಹಾಗೇ. ಕೈಗೆ ಬಂದದ್ದೇ ಭಾಗ್ಯ ಅನ್ನುವ ಕಾಲದಲ್ಲಿ ಒಂದು ಗೀರು, ಒಂದು ನೆಗ್ಗು ಯಾವ ಲೆಕ್ಕ? ವಾಪಸ್ ಕೊಟ್ಟರೆ ಮತ್ತೆ ಸಾಲಿನ ಕೊನೆಗೆ ಹೋಗಬೇಕು. 'ಹೋಗ್ಲಿ ಬಿಡು' ಅನ್ನೋದನ್ನು ನಾವು ಭಾರತೀಯರ ಸ್ವಭಾವ ಅಂತ ಹೇಳಿಕೊಂಡು ತಿರುಗ್ತೀವಿ. ನನಗೇನೋ ಅದು ಸ್ವಭಾವಕ್ಕಿಂತ ಹೆಚ್ಚಾಗಿ ಆ ಮೂವತ್ತು ನಲವತ್ತು ವರ್ಷಗಳ ಅಭ್ಯಾಸ ಅನ್ನಿಸುತ್ತೆ. ಕಲ್ಯಾಣದ ಸಂತೆಯಲ್ಲಿ ಎಮ್ಮೆ ಕೊಂಡವನು ಮೂರು ದಿನ ಹಾಲು ಕರೆದು ನೋಡಿ, ಸರಿ ಇಲ್ಲದಿದ್ದರೆ ಹಗ್ಗ ಹಿಡಿದು ವಾಪಸ್ ಹೊಡೆದುಕೊಂಡು ಹೋಗಬಹುದಿತ್ತಲ್ಲ.

ಆದರೆ ಹಳೆಯದೆಲ್ಲ ಚಿನ್ನ ಅಂತ ಬೀಗುವ ಮೊದಲು ಆ ಶ್ಲೋಕವನ್ನು ಪೂರ್ತಿ ಓದಬೇಕು. ಮೇಲೆ ನಾನು ಬಿಟ್ಟ ಎರಡು ಬಾಬತ್ತು ಅದರಲ್ಲಿವೆ. ಹೆಣ್ಣಿಗೆ ಒಂದು ತಿಂಗಳು, ಗಂಡಿಗೆ ಅರ್ಧ ತಿಂಗಳು. ಅಂದರೆ ದಾಸಿ, ದಾಸ. ಎತ್ತು ಎಮ್ಮೆಗಳ ಜೊತೆ ಒಂದೇ ಸಾಲಿನಲ್ಲಿ. ಬೇರೆ ಕಡೆಯೂ ಇದೇ ಕಥೆ. ಬ್ಯಾಬಿಲೋನಿನ ಹಮ್ಮುರಾಬಿಯ ಶಾಸನದಲ್ಲಿ, ಕೊಂಡ ಗುಲಾಮನಿಗೆ ತಿಂಗಳೊಳಗೆ ಒಂದು ಬಗೆಯ ಕಾಯಿಲೆ ಕಾಣಿಸಿಕೊಂಡರೆ ಅವನನ್ನು ವಾಪಸ್ ಕೊಟ್ಟು ಹಣ ಪಡೆಯಬಹುದು. ರೋಮಿನ ಮಾರುಕಟ್ಟೆ ಅಧಿಕಾರಿಗಳು ಹೊರಡಿಸಿದ ನಿಯಮಗಳೂ ಗುಲಾಮರು ಮತ್ತು ಜಾನುವಾರುಗಳ ಮಾರಾಟದ ಮೇಲೆಯೇ. ಕೊಳ್ಳುವವನ ಹಕ್ಕಿನ ಚರಿತ್ರೆ ಇಲ್ಲಿಂದ ಹೊರಟದ್ದು. ಮಾರಾಟವಾದವರು ದೂರು ಕೊಡೋಕೆ ಒಂದು ದಿನವೂ ಇರಲಿಲ್ಲ.

ನಾರದ ಸ್ಮೃತಿ ಇನ್ನೂ ಲೆಕ್ಕಾಚಾರದ್ದು. ಕೊಂಡದ್ದು ಸರಿಯಿಲ್ಲ ಅನ್ನಿಸಿದರೆ ಅದೇ ದಿನ, ಕೆಡದ ಹಾಗೆ ವಾಪಸ್ ಕೊಡಬೇಕು. ಎರಡನೇ ದಿನ ಕೊಟ್ಟರೆ ಬೆಲೆಯ ಮೂವತ್ತನೇ ಒಂದು ಭಾಗ ಕಳೆದುಕೊಳ್ಳಬೇಕು, ಮೂರನೇ ದಿನ ಅದರ ಎರಡರಷ್ಟು. ಅಲ್ಲಿಂದಾಚೆ ಮಾಲು ಕೊಂಡವನದೇ. ನಾನು ಮೂರನೇ ದಿನದಲ್ಲಿದ್ದೆ: ಇಪ್ಪತ್ತೊಂದು ಸಾವಿರಕ್ಕೆ 1,400 ರೂಪಾಯಿ. ಉಟ್ಟು ಮಾಸಿದ ಬಟ್ಟೆಯನ್ನು ದೋಷ ಇದ್ದರೂ ಹಿಂದಿರುಗಿಸುವಂತಿಲ್ಲ ಅಂತಲೂ ನಾರದ ಹೇಳುತ್ತಾನೆ. ಎರಡು ದಿನ ತುಳಿದ ಸೈಕಲ್ ಉಟ್ಟ ಬಟ್ಟೆಯ ಲೆಕ್ಕವೋ ಏನೋ. ಇನ್ನೊಂದು ಕಡೆ, ನಿರ್ದೋಷವಾದದ್ದನ್ನು ತೋರಿಸಿ ದೋಷವಿದ್ದದ್ದನ್ನು ಕೊಟ್ಟವನು ಬೆಲೆಯ ಎರಡರಷ್ಟು ತೆರಬೇಕು, ಜೊತೆಗೆ ಅಷ್ಟೇ ದಂಡ. ಇದನ್ನು ಓದಿದಾಗ ಶೋರೂಮಿನ ಆ ಹೊಳೆಯುವ ಸೈಕಲ್ ಕಣ್ಣಮುಂದೆ ಬಂತು. ಆದರೆ ಇಲ್ಲೊಂದು ತೊಡಕು. ಈ ನಿಯಮ ಹಿಡಿದು ಹೊರಟರೆ ಅಂಗಡಿಯವರು ಬೇಕಂತಲೇ ಮೋಸ ಮಾಡಿದರು ಅಂತ ಹೇಳಿದ ಹಾಗೆ. ನನಗೆ ಹಾಗೆ ಅನ್ನಿಸಿರಲೇ ಇಲ್ಲ.

ದೂರು ಅಂದರೆ ಒಬ್ಬನನ್ನು ಕಳ್ಳ ಅನ್ನುವುದು ಎಂಬ ಭಾವನೆಯನ್ನು ಕಾನೂನು ಕಳಚಿಕೊಂಡದ್ದು ಬಹಳ ನಿಧಾನವಾಗಿ. ಇಂಗ್ಲೆಂಡಿನಲ್ಲಿ 1603ರ ಒಂದು ಮೊಕದ್ದಮೆ ಪ್ರಸಿದ್ಧ. ಮೇಕೆಯಂಥ ಪ್ರಾಣಿಗಳ ಹೊಟ್ಟೆಯಲ್ಲಿ ಗಟ್ಟಿಯಾಗಿ ಬೆಳೆಯುವ ಬೆಜೋರ್ ಎಂಬ ಕಲ್ಲು ವಿಷ ಇಳಿಸುತ್ತದೆ ಅಂತ ಆಗ ನಂಬಿಕೆ. ಒಬ್ಬ ಅಕ್ಕಸಾಲಿಗ ಹಾಗೆ ಹೇಳಿ ಒಂದು ಕಲ್ಲನ್ನು ನೂರು ಪೌಂಡಿಗೆ ಮಾರಿದ. ಕಲ್ಲು ಬೆಜೋರ್ ಆಗಿರಲಿಲ್ಲ. ಕೋರ್ಟು ಕೊಂಡವನ ಕಡೆ ನಿಲ್ಲಲಿಲ್ಲ. ಬೆಜೋರ್ ಅಂತ ಬಾಯಲ್ಲಿ ಹೇಳಿದರೆ ಸಾಲದು, ಹಾಗಂತ ಖಾತರಿ ಕೊಟ್ಟಿರಬೇಕು ಅಂದಿತು. ಕೊಳ್ಳುವವನೇ ಎಚ್ಚರವಾಗಿರಬೇಕು ಅನ್ನುವ ಈ ಧೋರಣೆ ಇನ್ನೂರು ವರ್ಷ ನಡೆಯಿತು. ಆಮೇಲೆ ಕಾರ್ಖಾನೆಗಳು ಬಂದವು, ಹಡಗುಗಳಲ್ಲಿ ಮೂಟೆಗಟ್ಟಲೆ ಸರಕು ಬಂತು. ಬಿಚ್ಚಿ ನೋಡಿ ಕೊಳ್ಳುವುದು ಆಗದ ಮಾತಾಯಿತು. 1815ರಲ್ಲಿ ರೇಷ್ಮೆ ಚಿಂದಿಯ ಒಂದು ಪ್ರಕರಣದಲ್ಲಿ ನ್ಯಾಯಮೂರ್ತಿ ಲಾರ್ಡ್ ಎಲೆನ್‌ಬರೋ, ತಿಪ್ಪೆಗೆ ಸುರಿಯೋಕೆ ಅಂತ ಯಾರೂ ದುಡ್ಡು ಕೊಟ್ಟು ಸರಕು ಕೊಳ್ಳುವುದಿಲ್ಲ ಎಂಬರ್ಥದ ಮಾತು ಹೇಳಿದರು. ಮಾಲು ಮಾರುಕಟ್ಟೆಯಲ್ಲಿ ಆ ಹೆಸರಿನಲ್ಲಿ ಸಲ್ಲುವಂತಿರಬೇಕು, ಖಾತರಿ ಬಾಯಲ್ಲಿ ಹೇಳದಿದ್ದರೂ ಅದು ಇದ್ದಂತೆಯೇ. ಈ ವಿಚಾರ 1893ರ ಬ್ರಿಟಿಷ್ ಕಾಯ್ದೆಗೆ ಸೇರಿ, ಅಲ್ಲಿಂದ ನಮ್ಮ 1930ರ ಸರಕು ಮಾರಾಟ ಕಾಯ್ದೆಗೆ ಬಂತು.

ಆ ಕಾಯ್ದೆಯನ್ನು ನಾನು ಅದೇ ರಾತ್ರಿ ಓದಿದೆ, ಕಾನೂನು ನನ್ನ ಓದಿನ ವಿಷಯ ಅಲ್ಲದಿದ್ದರೂ. 16ನೇ ಸೆಕ್ಷನ್ ಪ್ರಕಾರ, ಆ ಬಗೆಯ ವಸ್ತುಗಳ ವ್ಯಾಪಾರ ಮಾಡುವವನಿಂದ ಕೊಂಡರೆ ಅದು ವ್ಯಾಪಾರಯೋಗ್ಯವಾಗಿರಬೇಕು. ಕೊಳ್ಳುವವನು ಪರೀಕ್ಷಿಸಿ ಕೊಂಡಿದ್ದರೆ, ಆ ಪರೀಕ್ಷೆಯಲ್ಲಿ ಕಾಣಲೇಬೇಕಿದ್ದ ದೋಷಗಳಿಗೆ ಮಾತ್ರ ಇದು ಅನ್ವಯಿಸಲ್ಲ. ಫೋಮ್ ಒಳಗಿನದು ಕಾಣಲೇಬೇಕಿದ್ದದ್ದು ಅಂತ ಯಾರು ಹೇಳ್ತಾರೆ? 42ನೇ ಸೆಕ್ಷನ್ ಗಡುವಿನದ್ದು. ಬೇಡ ಅಂತ ತಿಳಿಸದೆ 'ಸಮಂಜಸ ಕಾಲ' ಇಟ್ಟುಕೊಂಡರೆ ಒಪ್ಪಿಕೊಂಡ ಹಾಗೆ. ಮಾರಿದವನ ಒಡೆತನಕ್ಕೆ ಹೊಂದದ ಏನಾದರೂ ಮಾಡಿದರೂ ಹಾಗೇ. ಕುಂಕುಮ ಹಚ್ಚಿದ್ದು ಇದರಲ್ಲಿ ಬರುತ್ತೋ ಅಂತ ಅಮ್ಮನನ್ನು ರೇಗಿಸಿದೆ, ಅವರು ನಗಲಿಲ್ಲ.

ಸಮಂಜಸ ಕಾಲ ಅಂದರೆ ಎಷ್ಟು? ಯಾಜ್ಞವಲ್ಕ್ಯನ ಹಾಗೆ ಪಟ್ಟಿ ಕೊಡುವ ಧೈರ್ಯ 1930ರವರು ಮಾಡಲಿಲ್ಲ. 1980ರ ದಶಕದಲ್ಲಿ ಇಂಗ್ಲೆಂಡಿನ ಬರ್ನ್‌ಸ್ಟೈನ್ ಎಂಬುವರ ಹೊಸ ನಿಸ್ಸಾನ್ ಕಾರು ಮೂರು ವಾರಕ್ಕೆ, ಸುಮಾರು 140 ಮೈಲಿ ಓಡಿ, ಹೆದ್ದಾರಿಯಲ್ಲಿ ಎಂಜಿನ್ ಹಿಡಿದು ನಿಂತಿತು. ಕಾರು ದೋಷದ್ದೇ ಅಂತ ಕೋರ್ಟು ಒಪ್ಪಿತು, ಪರಿಹಾರವೂ ಸಿಕ್ಕಿತು. ಕಾರನ್ನು ತಿರಸ್ಕರಿಸುವ ಹಕ್ಕು ಮಾತ್ರ ಆ ಮೂರು ವಾರದಲ್ಲಿ ಕಳೆದುಹೋಗಿದೆ ಅಂದಿತು. ಕಾಲ ಅನ್ನೋದು ವಸ್ತು ಎಷ್ಟು ಜಟಿಲ ಅನ್ನುವುದರ ಮೇಲೆ ನಿಂತಿದೆ ಅಂತ ವಿವರಿಸುವಾಗ ನ್ಯಾಯಮೂರ್ತಿ ರೂಜಿಯರ್ ಕೊಟ್ಟ ಉದಾಹರಣೆ ನೋಡಿ: ಸೈಕಲ್ಲಿಗೆ ಸಾಕಾಗುವ ಕಾಲ ಅಣು ಜಲಾಂತರ್ಗಾಮಿಗೆ ಸಾಲದು! ಒಟ್ಟಿನಲ್ಲಿ ಕಲ್ಯಾಣದಿಂದ ಲಂಡನ್ನಿನವರೆಗೆ ಎಲ್ಲರ ಲೆಕ್ಕದಲ್ಲೂ ಸೈಕಲ್ ಬೇಗ ತೀರ್ಮಾನ ಮಾಡಬೇಕಾದ ವಸ್ತು.

ಇವತ್ತು ನಮಗಿರುವ ಆಸರೆ ಇನ್ನೂ ದೊಡ್ಡದು. 1986ರ ಗ್ರಾಹಕ ರಕ್ಷಣಾ ಕಾಯ್ದೆಗೆ ಮುಂಚೆ ಸಿವಿಲ್ ಕೋರ್ಟು, ವಕೀಲರು, ಕೋರ್ಟ್ ಫೀಸು ಅಂತ ಅಲೆಯಬೇಕಿತ್ತು. ಒಂದು ಸೈಕಲ್ಲಿಗಾಗಿ ಯಾರು ಅಲೀತಾರೆ? 2019ರ ಹೊಸ ಕಾಯ್ದೆಯಲ್ಲಿ ನೀವು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, ಐದು ಲಕ್ಷದವರೆಗಿನ ಖರೀದಿಗೆ ಶುಲ್ಕ ಇಲ್ಲ. ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ ಮೂವತ್ತು ದಿನದೊಳಗೆ, ಹಿಂಪಡೆದು ಹಣ ಕೊಡಲು ನಿರಾಕರಿಸುವುದನ್ನು ಅದು ಅನುಚಿತ ವ್ಯಾಪಾರ ಪದ್ಧತಿ ಎಂದೇ ಕರೆಯುತ್ತದೆ.

ಆದರೆ ನನ್ನ ತೀರ್ಮಾನ ಮಾಡಿಸಿದ್ದು ಈ ಮೂವತ್ತು ದಿನ ಅಲ್ಲ, 1930ರ ಆ ಒಣ ಸೆಕ್ಷನ್ನು. ಅದರಲ್ಲಿ 'ಯಾರು ಮಾಡಿದ್ದು' ಅನ್ನುವ ಪ್ರಶ್ನೆಯೇ ಇಲ್ಲ. ನೆಗ್ಗು ಕಾರ್ಖಾನೆಯಲ್ಲಿ ಆಯಿತೋ, ಲಾರಿಯಲ್ಲಿ ಆಯಿತೋ, ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ಆಯಿತೋ, ಕೊಂಡವನು ಪತ್ತೆ ಮಾಡಬೇಕಿಲ್ಲ. ಮಾರಿದವರು ಹೊಣೆ, ಅಷ್ಟೆ. ಹಾಗಾದರೆ ಹುಡುಗನ ಮಾತೇ ಎತ್ತದೆ ದೂರು ಕೊಡಬಹುದಲ್ಲ!

ನಾಲ್ಕನೇ ದಿನ ಬೆಳಿಗ್ಗೆ ಒಂದು ಪುಟದ ಕಾಗದ ಬರೆದೆ. ಕಂಪನಿಯ ಫೋಮ್ ಹೊದಿಕೆಯ ಅಡಿಯಲ್ಲಿ ನೆಗ್ಗು ಎಲ್ಲಿದೆ, ಎಷ್ಟಿದೆ, ಯಾವತ್ತು ಕಂಡಿತು, ಫ್ರೇಮನ್ನು ಒಪ್ಪುತ್ತಿಲ್ಲ, ಬದಲಿಸಿ ಕೊಡಿ. ಫೋಟೋ ಮೂರು. ಮಾಲೀಕರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. "ಒಂದ್ ಫೋನ್ ಮಾಡಿದ್ರೆ ಆಗ್ತಿತ್ತಲ್ಲ ಸರ್, ಕಾಗದ ಯಾಕೆ?" ಅಂದರು, ಸ್ವಲ್ಪ ಬೇಜಾರಿನಿಂದಲೇ. ಪೈಪಿನ ಮೇಲೆ ಬೆರಳಾಡಿಸಿ, "ಇದು ಲೋಡಿಂಗಲ್ಲಿ ಆಗಿರೋದು" ಅಂದರು. ಹುಡುಗ ಪಕ್ಕದಲ್ಲೇ ಯಾವುದೋ ಚಕ್ರದ ಕಡ್ಡಿ ಬಿಗಿಯುತ್ತಿದ್ದವನು ತಲೆ ಎತ್ತಲಿಲ್ಲ.

ಬೇರೆ ಫ್ರೇಮ್ ಬರೋಕೆ ಹನ್ನೊಂದು ದಿನ ಹಿಡಿಯಿತು. ಹುಡುಗನೇ ಮತ್ತೆ ಜೋಡಿಸಿದ. ಈ ಸಲ ಮೊದಲು ಫೋಮ್ ಕತ್ತರಿಸಿ ತೆಗೆದು, ಫ್ರೇಮನ್ನು ಬಾಗಿಲ ಬೆಳಕಿಗೆ ತಂದು ನನ್ನ ಮುಂದೆ ಎಲ್ಲ ಕಡೆ ತಿರುಗಿಸಿ ತೋರಿಸಿದ. ಹೊಸ ಫ್ರೇಮ್ ನಂಬರ್ ಹಾಕಿದ ಹೊಸ ಬಿಲ್ಲು ಕೊಟ್ಟರು. ಅದರ ಕೆಳಗೂ ಅದೇ ಸಣ್ಣಕ್ಷರದ ಸಾಲು ಅಚ್ಚಾಗಿದೆ.