ಎರಡು ಹೈದರಾಬಾದು, ಒಂದು ತಾರೀಖು

ನನಗೊಂದು ವಿಚಿತ್ರ ಚಟ ಇದೆ. ಪಟ್ಟಿ ಓದೋದು. ರೈಲಿನ ವೇಳಾಪಟ್ಟಿ, ಸಾಹಿತ್ಯ ಸಮ್ಮೇಳನ ನಡೆದ ಊರುಗಳ ಪಟ್ಟಿ, ಯಾವ ಕ್ರೀಡಾಕೂಟ ಯಾವ ವರ್ಷ ಎಲ್ಲಿ ನಡೆಯಿತು ಅನ್ನೋ ಪಟ್ಟಿ. ಆಟ ನೋಡೋದಕ್ಕಿಂತ ಈ ಪಟ್ಟಿ ಓದೋದರಲ್ಲೇ ಹೆಚ್ಚು ಮಜಾ ಇದೆ ಅಂತ ಎಷ್ಟೋ ಸಲ ಅನ್ನಿಸಿದೆ. ಅದರಲ್ಲೂ ಕೆಲವು ಊರಿನ ಹೆಸರಿನ ಪಕ್ಕ ಒಂದು ಪುಟ್ಟ ನಕ್ಷತ್ರ ಹಾಕಿರುತ್ತಾರಲ್ಲ, ಕಥೆ ಇರೋದೇ ಅಲ್ಲಿ. 'ರದ್ದಾಯಿತು' ಅಥವಾ 'ಬೇರೆಡೆಗೆ ಸ್ಥಳಾಂತರವಾಯಿತು' ಅಂತ ಅದರರ್ಥ.

ಇತ್ತೀಚೆಗೆ ಹಾಗೆ ಓದಿದ್ದು ಫಿಗರ್ ಸ್ಕೇಟಿಂಗ್ ವಿಶ್ವ ಚಾಂಪಿಯನ್‌ಶಿಪ್‌ನ ಪಟ್ಟಿ. ಗೊತ್ತಲ್ಲ, ಮಂಜುಗಡ್ಡೆಯ ಮೇಲೆ ಜಾರುತ್ತಾ ಕುಣಿಯುವ, ಗಾಳಿಯಲ್ಲಿ ಮೂರು ನಾಲ್ಕು ಸುತ್ತು ತಿರುಗಿ ಇಳಿಯುವ ಆಟ. ಚಿಂಚೋಳಿಯ ಪಕ್ಕದ ಚಂದಾಪುರದಲ್ಲಿ ಬೆಳೆದ ನನಗೂ ಈ ಆಟಕ್ಕೂ ಏನು ಸಂಬಂಧ ಅಂತ ಕೇಳಬೇಡಿ. ನಮ್ಮೂರ ಬೇಸಿಗೆಯಲ್ಲಿ ನಾವು ಕಂಡ ಮಂಜುಗಡ್ಡೆ ಅಂದರೆ ಐಸ್‌ಕ್ಯಾಂಡಿ ಮಾರುವವನ ಸೈಕಲ್ ಡಬ್ಬಿಯೊಳಗಿನದು ಮಾತ್ರ :-)

ಮೊದಲ ವಿಶ್ವ ಕೂಟ ನಡೆದದ್ದು 1896ರಲ್ಲಿ, ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. ಒಟ್ಟು ಸ್ಪರ್ಧಿಗಳು ನಾಲ್ಕೇ ಜನ! ಬಯಲಿನಲ್ಲಿ, ತಾನಾಗಿ ಹೆಪ್ಪುಗಟ್ಟಿದ ನೀರಿನ ಮೇಲೆ ಆಟ. ಆಗ ಊರು ಆರಿಸುವ ಮಾನದಂಡ ಸರಳ: ಚಳಿ ಗ್ಯಾರಂಟಿ ಇರಬೇಕು. 1899 ಮತ್ತು 1900, ಎರಡು ವರ್ಷವೂ ಸ್ವಿಟ್ಜರ್ಲೆಂಡಿನ ಬೆಟ್ಟದೂರು ದಾವೋಸ್‌ನಲ್ಲೇ ನಡೆಯಿತು. ಯಂತ್ರದಿಂದ ಮಂಜು ಮಾಡೋದು ಮಾಮೂಲಾದ ಮೇಲೆ ಚಳಿಯ ಹಂಗು ತಪ್ಪಿತು. ಆದರೆ ಬೇರೆ ಹಂಗುಗಳು ಬಂದವು.

1961ರ ಕೂಟ ಪ್ರಾಗ್‌ನಲ್ಲಿ ನಡೆಯಬೇಕಿತ್ತು. ಫೆಬ್ರವರಿ 15ರಂದು ನ್ಯೂಯಾರ್ಕ್‌ನಿಂದ ಹೊರಟ ಸಬೇನಾ ಕಂಪನಿಯ ವಿಮಾನ ಬ್ರಸೆಲ್ಸ್ ಹತ್ತಿರ ಬಿತ್ತು. ಒಳಗಿದ್ದ 72 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಅಮೆರಿಕದ ಸ್ಕೇಟಿಂಗ್ ತಂಡದ 18 ಆಟಗಾರರೂ ಅದರಲ್ಲೇ ಇದ್ದರು, ಜೊತೆಗೆ ಅವರ ತರಬೇತುದಾರರು, ಮನೆಯವರು. ಕೂಟ ರದ್ದಾಯಿತು. ಮರುವರ್ಷ, ಅಂದರೆ 1962ರಲ್ಲಿ, ಅದೇ ಪ್ರಾಗ್‌ಗೆ ಕೂಟ ಸಿಕ್ಕಿತು. 2020ರ ಮಾರ್ಚಿನಲ್ಲಿ ಕೋವಿಡ್‌ನಿಂದಾಗಿ ಮಾಂಟ್ರಿಯಲ್ ಕೂಟ ರದ್ದಾಯಿತು. 2024ರಲ್ಲಿ ಮಾಂಟ್ರಿಯಲ್‌ಗೇ ಬಂತು. ಊರಿನ ಬಾಕಿ ತೀರಿಸಿದಂತೆ.

ಇವೆರಡರ ನಡುವೆ 2011. ಮಾರ್ಚ್ 21ಕ್ಕೆ ಟೋಕಿಯೊದಲ್ಲಿ ಶುರುವಾಗಬೇಕಿತ್ತು. ಹತ್ತು ದಿನ ಮೊದಲು, ಮಾರ್ಚ್ 11ಕ್ಕೆ, ಭೂಕಂಪ ಮತ್ತು ಸುನಾಮಿ. ಕೂಟವನ್ನು ಏಪ್ರಿಲ್ ಕೊನೆಗೆ ತಳ್ಳಿ ಮಾಸ್ಕೋಗೆ ಒಯ್ದರು. ಉದ್ಘಾಟನೆಯ ದಿನ ಮಾಸ್ಕೋದವರು ಜಪಾನಿಗೆ ಗೌರವ ಸಲ್ಲಿಸಿದರು. ಮಹಿಳೆಯರ ಚಿನ್ನ ಗೆದ್ದದ್ದು ಜಪಾನಿನ ಮಿಕಿ ಆಂಡೊ.

ಇದನ್ನು ಓದುವಾಗಲೇ ತಲೆಗೆ ಹೊಳೆದದ್ದು: ಅದೇ 2011ರಲ್ಲಿ ನಮ್ಮ ಬೆಂಗಳೂರಿಗೂ ಹೀಗೇ ಇನ್ನೊಂದು ಊರಿನ ಪಂದ್ಯ ಬಂದಿತ್ತಲ್ಲ? ಅಲ್ಲಿಂದ ಶುರುವಾಯಿತು ನೋಡಿ ನನ್ನ ಕ್ರಿಕೆಟ್ ನಕ್ಷತ್ರಗಳ ಹುಡುಕಾಟ.

ಅದಕ್ಕೆ ಮೊದಲು ಒಂದು ಮಾತು. ಬೆಂಗಳೂರಿನವರಿಗೆ 'ನಮ್ಮ ಮೈದಾನ' ಅಂದರೆ ಚಿನ್ನಸ್ವಾಮಿ. ನಮ್ಮ ಕಡೆಯವರಿಗೆ ಹಾಗಲ್ಲ. ಚಂದಾಪುರದಿಂದ ಬೆಂಗಳೂರಿಗೆ ಇಡೀ ರಾತ್ರಿಯ ಬಸ್ಸು. ಹೈದರಾಬಾದಿಗೆ ನಾಲ್ಕು ತಾಸು. ದೊಡ್ಡ ದವಾಖಾನೆಗೆ, ಮದುವೆ ಬಟ್ಟೆಗೆ, ಎಲ್ಲದಕ್ಕೂ ನಾವು ಹೋಗೋದು ಹೈದರಾಬಾದಿಗೇ. 1948ರ ತನಕ ನಿಜಾಮನ ರಾಜ್ಯದಲ್ಲಿದ್ದವರು ನಾವು, 1956ರಲ್ಲಿ ರಾಜ್ಯ ಬದಲಾಯಿತು, ಬಸ್ಸಿನ ದಾರಿ ಬದಲಾಗಲಿಲ್ಲ. ಹಾಗಾಗಿ ಅಂತಾರಾಷ್ಟ್ರೀಯ ಪಂದ್ಯ ನೋಡಬೇಕು ಅಂದರೂ ನಮಗೆ ಹತ್ತಿರ ಹೈದರಾಬಾದೇ.

ಅಪ್ಪ ನೋಡಿದ್ದು ಅಲ್ಲೇ. ಜೀವನದಲ್ಲಿ ಒಂದೇ ಒಂದು ಪಂದ್ಯ. 1987ರ ಅಕ್ಟೋಬರ್ 10.

ಆ ವಿಶ್ವಕಪ್ ಊರು ಬದಲಿಸಿದ ವಿಶ್ವಕಪ್. ಮೊದಲ ಮೂರೂ (1975, 1979, 1983) ಇಂಗ್ಲೆಂಡಿನಲ್ಲೇ ನಡೆದಿದ್ದವು. ನಾಲ್ಕನೆಯದನ್ನು ಭಾರತ, ಪಾಕಿಸ್ತಾನ ಜಂಟಿಯಾಗಿ ತಂದವು. ಊರು ಬದಲಾದದ್ದಕ್ಕೆ ಆಟವೂ ಬದಲಾಯಿತು: ಇಂಗ್ಲೆಂಡಿನ ಬೇಸಿಗೆಯಷ್ಟು ಉದ್ದದ ಹಗಲು ನಮ್ಮಲ್ಲಿಲ್ಲ, ಹಾಗಾಗಿ 60 ಓವರ್ 50ಕ್ಕೆ ಇಳಿಯಿತು. ಇವತ್ತಿಗೂ ಏಕದಿನ ಪಂದ್ಯ 50 ಓವರೇ.

ಇನ್ನೊಂದು ತಮಾಷೆ. ಆ ವಿಶ್ವಕಪ್ಪಿನ ಪಟ್ಟಿಯಲ್ಲಿ ಹೈದರಾಬಾದು ಎರಡಿವೆ. ಮೊದಲ ಪಂದ್ಯ ಅಕ್ಟೋಬರ್ 8ಕ್ಕೆ, ಪಾಕಿಸ್ತಾನ–ಶ್ರೀಲಂಕಾ, ಸಿಂಧ್ ಪ್ರಾಂತ್ಯದ ಹೈದರಾಬಾದಿನಲ್ಲಿ. ಎರಡು ದಿನ ಬಿಟ್ಟು 10ಕ್ಕೆ, ನ್ಯೂಜಿಲೆಂಡ್–ಜಿಂಬಾಬ್ವೆ, ನಮ್ಮ ಹೈದರಾಬಾದಿನ ಲಾಲ್ ಬಹದ್ದೂರ್ ಶಾಸ್ತ್ರಿ ಸ್ಟೇಡಿಯಂನಲ್ಲಿ. ನಡುವಿನ ದಿನ ಮದ್ರಾಸಿನಲ್ಲಿ ಭಾರತ ಆಸ್ಟ್ರೇಲಿಯಾಕ್ಕೆ ಒಂದೇ ಒಂದು ರನ್ನಿನಿಂದ ಸೋತಿತ್ತು. ಅಪ್ಪ ಅದನ್ನು ರೇಡಿಯೋದಲ್ಲಿ ಕೇಳಿ, ಸಿಟ್ಟಿನಲ್ಲಿ ರಾತ್ರಿ ಊಟ ಬಿಟ್ಟು, ಬೆಳಗಿನ ಜಾವ ಇಬ್ಬರು ಗೆಳೆಯರ ಜೊತೆ ಜಹೀರಾಬಾದಿಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದರಂತೆ. ಆಗ ಅವರು ಕಾಲೇಜು ಹುಡುಗ.

ಮುಟ್ಟುವಷ್ಟರಲ್ಲಿ ನ್ಯೂಜಿಲೆಂಡ್ ಬ್ಯಾಟಿಂಗ್ ಅರ್ಧ ಮುಗಿದಿತ್ತು. 242 ಹೊಡೆದರು. ಜಿಂಬಾಬ್ವೆ 104ಕ್ಕೆ 7. ಗೆಳೆಯರು ಎದ್ದು ಚಾರ್‌ಮಿನಾರ್ ಕಡೆ ಹೋಗೋಣ ಅಂದರು. ಅಪ್ಪ ಏಳಲಿಲ್ಲ. ಡೇವ್ ಹೌಟನ್ ಅನ್ನುವವನು ಬುಚಾರ್ಟ್ ಜೊತೆ ಎಂಟನೇ ವಿಕೆಟ್ಟಿಗೆ 117 ರನ್ ಸೇರಿಸಿದ. ತಾನೊಬ್ಬನೇ 142. ಅವನ ಕ್ಯಾಚನ್ನು ಮಾರ್ಟಿನ್ ಕ್ರೋವ್ ಹಿಂದಕ್ಕೆ ಓಡುತ್ತಾ ಓಡುತ್ತಾ ಹಿಡಿದದ್ದನ್ನು ಅಪ್ಪ ಈಗಲೂ ನಡುಮನೆಯಲ್ಲಿ ಓಡಿ ತೋರಿಸುತ್ತಾರೆ. ಮೂರು ರನ್ನಿನಿಂದ ಜಿಂಬಾಬ್ವೆ ಸೋತಿತು.

ಇರಲಿ, ನಕ್ಷತ್ರಗಳಿಗೆ ಬರೋಣ.

1996ರ ಮಾರ್ಚ್ 9ರ ಬೆಂಗಳೂರು ಕ್ವಾರ್ಟರ್ ಫೈನಲ್ ಬಗ್ಗೆ ನಾನೇನೂ ಬರೆಯಲ್ಲ. ಸೊಹೈಲ್–ವೆಂಕಟೇಶ್ ಪ್ರಸಾದ್ ಕಥೆ ಎಲ್ಲರಿಗೂ ಬಾಯಿಪಾಠ. ಆದರೆ ಅದೇ ಕಪ್ಪಿನಲ್ಲಿ ಕೊಲಂಬೊ ಪಂದ್ಯಗಳ ಪಕ್ಕ ಬೇರೆ ಥರದ ನಕ್ಷತ್ರ ಇದೆ. ಜನವರಿ 31ರ ಬಾಂಬ್ ಸ್ಫೋಟದ ನಂತರ ಆಸ್ಟ್ರೇಲಿಯಾ, ವೆಸ್ಟ್ ಇಂಡೀಸ್ ಅಲ್ಲಿಗೆ ಹೋಗಲ್ಲ ಅಂದವು. ಊರು ಬದಲಿಸಲಿಲ್ಲ. ಆಡದೆಯೇ ಪಾಯಿಂಟು ಶ್ರೀಲಂಕಾಕ್ಕೆ ಹೋಯಿತು. ಕೊನೆಗೆ ಕಪ್ಪೂ ಅವರಿಗೇ ಹೋಯಿತು.

2010ರ ಐಪಿಎಲ್ ನಮ್ಮ ಎರಡೂ ಊರುಗಳಿಗೆ ಕೆಟ್ಟ ವರ್ಷ. ತೆಲಂಗಾಣ ಹೋರಾಟ ಜೋರಾಗಿದ್ದರಿಂದ ಹೈದರಾಬಾದಿನ ಡೆಕ್ಕನ್ ಚಾರ್ಜರ್ಸ್ ತಂಡ ಹೈದರಾಬಾದಿನಲ್ಲಿ ಆಡಲೇ ಇಲ್ಲ. ನಾಗಪುರ, ಕಟಕ್, ನವಿ ಮುಂಬೈ ಅಂತ ಅಲೆಯಿತು. ಏಪ್ರಿಲ್ 17ಕ್ಕೆ ಬೆಂಗಳೂರಿನ ಚಿನ್ನಸ್ವಾಮಿ ಮೈದಾನದ ಹೊರಗೆ ಸ್ಫೋಟಗಳಾದವು. ಆ ದಿನದ ಪಂದ್ಯ ತಡವಾಗಿಯಾದರೂ ನಡೆಯಿತು. ಆದರೆ ನಾಲ್ಕು ದಿನ ಬಿಟ್ಟು ಅಲ್ಲೇ ನಡೆಯಬೇಕಿದ್ದ ಸೆಮಿಫೈನಲ್‌ಗಳು ನವಿ ಮುಂಬೈನ ಡಿ. ವೈ. ಪಾಟೀಲ್ ಮೈದಾನಕ್ಕೆ ಹೋದವು. ಈ ಮೈದಾನದ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೆ.

2011ರಲ್ಲಿ ಅದೃಷ್ಟ ತಿರುಗಿತು. ಫೆಬ್ರವರಿ 27ರ ಭಾರತ–ಇಂಗ್ಲೆಂಡ್ ಪಂದ್ಯ ಕೋಲ್ಕತ್ತಾದ್ದು. ಒಂದು ತಿಂಗಳು ಉಳಿದಿರುವಾಗ ಪರಿಶೀಲನೆಗೆ ಬಂದವರು ಈಡನ್ ಗಾರ್ಡನ್ಸ್ ಕೆಲಸ ಮುಗಿಯೋದಿಲ್ಲ ಅಂದರು. ಪಂದ್ಯ ಬೆಂಗಳೂರಿಗೆ ಬಂತು. ಈಡನ್‌ಗೆ ಉಳಿದದ್ದು ಮೂರು ಪಂದ್ಯ, ಅದರಲ್ಲಿ ಒಂದೂ ಭಾರತದ್ದಲ್ಲ. ಅಲ್ಲಿನವರ ಹೊಟ್ಟೆ ಎಷ್ಟು ಉರಿದಿರಬೇಕು! ಇಲ್ಲಿ ಸಿಕ್ಕಿದ್ದು ಬೋನಸ್ಸು: ಸಚಿನ್ 120, ಸ್ಟ್ರಾಸ್ 158, ಎರಡೂ ಕಡೆ 338, ಪಂದ್ಯ ಟೈ. ನಾನಾಗ ಏಳನೇ ಕ್ಲಾಸು. ಕೊನೆಯ ಓವರಿಗೆ ಸರಿಯಾಗಿ ಚಂದಾಪುರದಲ್ಲಿ ಕರೆಂಟ್ ಹೋಯಿತು ಅಂತ ಬೇರೆ ಹೇಳಬೇಕಾಗಿಲ್ಲ :-) ಆದರೆ ಆ ಪಂದ್ಯಕ್ಕೆ ಮೂರು ದಿನ ಮೊದಲು, ಟಿಕೆಟ್ಟಿಗೆ ಚಿನ್ನಸ್ವಾಮಿ ಹೊರಗೆ ಸಾಲು ನಿಂತವರ ಮೇಲೆ ಲಾಠಿ ಬೀಸಿದ್ದು ಟೈ ಆದ ಖುಷಿಯಲ್ಲಿ ಎಲ್ಲರಿಗೂ ಮರೆತುಹೋಯಿತು. ಮೈದಾನದ ಒಳಗಿನ ಲೆಕ್ಕ ಎಲ್ಲರೂ ಇಡುತ್ತಾರೆ. ಗೇಟಿನ ಹೊರಗಿನ ಜನರ ಲೆಕ್ಕ ಇಡುವವರು ಕಡಿಮೆ.

2025ರ ಜೂನ್ 4ಕ್ಕೆ ಅದೇ ಗೇಟುಗಳ ಬಳಿ 11 ಜನ ಸತ್ತರು. ಅವತ್ತು ಪಂದ್ಯವೇ ಇರಲಿಲ್ಲ. ಹಿಂದಿನ ರಾತ್ರಿ ಅಹಮದಾಬಾದಿನಲ್ಲಿ ಗೆದ್ದಿದ್ದ ಆರ್‌ಸಿಬಿಯನ್ನು ನೋಡಲು ಬಂದ ಜನ. (ಆ ಫೈನಲ್ ಕೂಡ ಊರು, ತಾರೀಖು ಬದಲಿಸಿದ್ದೇ. ಮೇ 25ಕ್ಕೆ ಕೋಲ್ಕತ್ತಾದಲ್ಲಿ ನಡೆಯಬೇಕಿತ್ತು. ಭಾರತ–ಪಾಕಿಸ್ತಾನ ಸಂಘರ್ಷದಿಂದ ಐಪಿಎಲ್ ಒಂದು ವಾರ ನಿಂತು ಎಲ್ಲ ಮುಂದೆ ಹೋಯಿತು.) ಕಾಲ್ತುಳಿತದ ತನಿಖೆ ಮಾಡಿದ ನ್ಯಾಯಮೂರ್ತಿ ಮೈಕೆಲ್ ಡಿ'ಕುನ್ಹಾ ಆಯೋಗ, ಆ ಮೈದಾನ ದೊಡ್ಡ ಜನಸಂದಣಿಗೆ ಸುರಕ್ಷಿತವಲ್ಲ ಅಂದಿತು. ಆ ವರ್ಷದ ಮಹಿಳಾ ವಿಶ್ವಕಪ್ಪಿನ ಮೊದಲ ಪಂದ್ಯ, ಒಂದು ಸೆಮಿಫೈನಲ್, ಪಾಕಿಸ್ತಾನ ಫೈನಲ್ಲಿಗೆ ಬರದಿದ್ದರೆ ಫೈನಲ್ಲು, ಎಲ್ಲ ಬೆಂಗಳೂರಿನದಾಗಿತ್ತು. ಆಗಸ್ಟ್ 22ಕ್ಕೆ ಬೆಂಗಳೂರಿನ ಹೆಸರು ತೆಗೆದು ನವಿ ಮುಂಬೈ ಅಂತ ಬರೆದರು. ಅದೇ ಡಿ. ವೈ. ಪಾಟೀಲ್. ಅಕ್ಟೋಬರ್ 30ರಂದು ಜೆಮಿಮಾ ರಾಡ್ರಿಗಸ್ 127 ಹೊಡೆದು ಔಟಾಗದೆ ಉಳಿದದ್ದು, ನವೆಂಬರ್ 2ರಂದು ಭಾರತದ ಹೆಣ್ಣುಮಕ್ಕಳು ಮೊದಲ ಸಲ ಕಪ್ ಎತ್ತಿದ್ದು, ಎರಡೂ ಅಲ್ಲಿ.

ಟಿವಿಯಲ್ಲಿ ನೋಡುತ್ತಾ ಕುಣಿದೆ, ಸುಳ್ಳು ಹೇಳಲ್ಲ. ಜೊತೆಗೇ ಒಂದು ಸಂಕಟ. ಹನ್ನೊಂದು ಮನೆಗಳ ಮುಂದೆ 'ನಮ್ಮೂರಿಗೆ ಫೈನಲ್ ತಪ್ಪಿತು' ಅನ್ನೋದು ಗೋಳಾಗಿ ಹೇಳಿಕೊಳ್ಳುವ ಮಾತೇ ಅಲ್ಲ. ಪ್ರಾಗ್‌ಗೆ, ಮಾಂಟ್ರಿಯಲ್‌ಗೆ ಬಾಕಿ ತೀರಿಸಿದರು ಅಂತ ಮೇಲೆ ಬರೆದೆನಲ್ಲ, ಅವೆರಡೂ ಊರುಗಳ ತಪ್ಪೇನಿರಲಿಲ್ಲ. ಬೆಂಗಳೂರಿಗೆ ಯಾರೂ ಏನೂ ಬಾಕಿ ಇಟ್ಟುಕೊಂಡಿಲ್ಲ.

ಈಗ ನಡುವೆ ಬಿಟ್ಟ 2023. ಬೇಕೆಂದೇ ಕೊನೆಗೆ ಇಟ್ಟೆ.

ಆ ವಿಶ್ವಕಪ್ಪಿನ ವೇಳಾಪಟ್ಟಿ ಜೂನ್ 27ಕ್ಕೆ ಬಂತು. ಹೈದರಾಬಾದಿನ ಉಪ್ಪಲ್ ಮೈದಾನಕ್ಕೆ ಮೂರು ಪಂದ್ಯ, ಭಾರತದ್ದು ಒಂದೂ ಇಲ್ಲ. ಅಕ್ಟೋಬರ್ 12, ಗುರುವಾರ, ಪಾಕಿಸ್ತಾನ–ಶ್ರೀಲಂಕಾ. 1987ರಲ್ಲಿ ಸಿಂಧ್‌ನ ಹೈದರಾಬಾದಿನಲ್ಲಿ ಆಡಿದ ಅದೇ ಜೋಡಿ, ಈ ಸಲ ನಮ್ಮ ಹೈದರಾಬಾದಿನಲ್ಲಿ. ಅಪ್ಪನಿಗೆ ಫೋನ್ ಮಾಡಿ, ಹೋಗೋಣ, ನಾನು ಬೆಂಗಳೂರಿನಿಂದ ಬರ್ತೀನಿ ಅಂದೆ. "ಭಾರತದ್ದಿಲ್ಲಂದ್ರ ಏನಾಯ್ತು, ಅವತ್ತೂ ಇದ್ದಿಲ್ಲ" ಅಂದರು. 12ಕ್ಕೆ, 13ಕ್ಕೆ ರಜೆ ಹಾಕಿದೆ.

ಆಗಸ್ಟ್ 9ಕ್ಕೆ ಪಟ್ಟಿ ಬದಲಾಯಿತು. ಅಹಮದಾಬಾದಿನ ಭಾರತ–ಪಾಕಿಸ್ತಾನ ಪಂದ್ಯ ಅಕ್ಟೋಬರ್ 15ಕ್ಕಿತ್ತು, ಅವತ್ತೇ ನವರಾತ್ರಿ ಶುರು. ಹಾಗಾಗಿ 14ಕ್ಕೆ ತಂದರು. (14 ಮಹಾಲಯ ಅಮಾವಾಸ್ಯೆ. ನಮ್ಮಜ್ಜಿ ಇದ್ದಿದ್ದರೆ ಆ ದಿನ ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ.) ಪಾಕಿಸ್ತಾನಕ್ಕೆ ನಡುವೆ ಬಿಡುವು ಬೇಕಲ್ಲ, ಅದಕ್ಕೆ ಹೈದರಾಬಾದಿನ ಪಂದ್ಯ 12ರಿಂದ 10ಕ್ಕೆ ಬಂತು. ಒಟ್ಟು ಒಂಬತ್ತು ಪಂದ್ಯಗಳು ಹೀಗೆ ಸರಿದವು. ಒಂದು ಇಟ್ಟಿಗೆ ಎಳೆದರೆ ಗೋಡೆಯೆಲ್ಲ ಅಲುಗುತ್ತೆ. ವೇಳಾಪಟ್ಟಿ ಹಾಕೋದು ಎಂಥ ತಲೆನೋವಿನ ಲೆಕ್ಕ ಅಂತ ಇಂಜಿನಿಯರಿಂಗ್‌ನಲ್ಲಿ ಓದಿದ್ದೆ. ಅದು ನನ್ನ ರಜೆಯ ತನಕ ಬಂದು ಮುಟ್ಟುತ್ತೆ ಅಂತ ಅಂದುಕೊಂಡಿರಲಿಲ್ಲ.

ಹೈದರಾಬಾದಿಗೆ ಇದರಿಂದ ಹೊಸ ತೊಂದರೆ: 9 ಮತ್ತು 10, ಬೆನ್ನುಬೆನ್ನಿಗೆ ಎರಡು ಪಂದ್ಯ. ಬಂದೋಬಸ್ತ್ ಕಷ್ಟ ಅಂತ ಅಲ್ಲಿನ ಕ್ರಿಕೆಟ್ ಸಂಸ್ಥೆ ಕೇಳಿಕೊಂಡರೂ ಬದಲಾಗಲಿಲ್ಲ. ಸೆಪ್ಟೆಂಬರ್ 29ರ ಅಭ್ಯಾಸ ಪಂದ್ಯವನ್ನಂತೂ ಗಣೇಶ ವಿಸರ್ಜನೆ, ಮಿಲಾದ್ ಮೆರವಣಿಗೆ ಒಟ್ಟಿಗೆ ಬಂದದ್ದರಿಂದ ಜನರನ್ನೇ ಬಿಡದೆ ಆಡಿಸಿದರು.

ಮತ್ತೆ 10ನೇ ತಾರೀಖು? ಅಪ್ಪನ 10ನೇ ತಾರೀಖು. ಸರಿಯಾಗಿ 36 ವರ್ಷ. ಅದನ್ನು ಮೊದಲು ಗಮನಿಸಿದ್ದೂ ಅವರೇ. "ಅದೇ ತಾರೀಖ ಬಂದದ ನೋಡು!" ಅಂತ ಫೋನಿನಲ್ಲಿ ಹುಡುಗನ ಥರ ಕೂಗಿದರು.

ಆ ಮಂಗಳವಾರ ನಮ್ಮ ಪ್ರಾಜೆಕ್ಟಿನ ರಿಲೀಸ್ ಇತ್ತು. ವಿಶ್ವಕಪ್ಪನ್ನು ಎರಡು ದಿನ ಸರಿಸಬಹುದು, ರಿಲೀಸ್ ಸರಿಸಲು ಆಗಲ್ಲ ಅಂತ ಅವತ್ತು ಗೊತ್ತಾಯಿತು. ನಾನು ಬಹಳ ಜಗಳವನ್ನೂ ಆಡಲಿಲ್ಲ ಅನ್ನಿ. ನೀವೊಬ್ಬರೇ ಹೋಗಿ ಬನ್ನಿ ಅಂದರೆ ಅಪ್ಪ ಒಪ್ಪಲಿಲ್ಲ. "ಇರ್ಲಿ ಬಿಡಪಾ, ಟೀವ್ಯಾಗ ಇನ್ನೂ ಛಂದ ಕಾಣ್ತದ."

ಶ್ರೀಲಂಕಾ 344 ಹೊಡೆಯಿತು. ಪಾಕಿಸ್ತಾನ ಅದನ್ನು ಬೆನ್ನಟ್ಟಿ ಗೆದ್ದಿತು. ಅಲ್ಲಿಯವರೆಗೆ ವಿಶ್ವಕಪ್ಪಿನಲ್ಲಿ ಅಷ್ಟು ದೊಡ್ಡ ಮೊತ್ತವನ್ನು ಯಾರೂ ಬೆನ್ನಟ್ಟಿರಲಿಲ್ಲ. ಮೆಂಡಿಸ್, ಸಮರವಿಕ್ರಮ, ಶಫೀಕ್, ರಿಜ್ವಾನ್, ನಾಲ್ಕು ಜನರ ಶತಕ. ರಾತ್ರಿ ರಿಲೀಸ್ ಮುಗಿಸಿ ಹನ್ನೊಂದರ ಮೇಲೆ ಫೋನ್ ಮಾಡಿದೆ. ಅಪ್ಪ ಇನ್ನೂ ಎದ್ದಿದ್ದರು.

"ನಾಕ್ ಮಂದಿ ನೂರು ಹೊಡದ್ರು" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಆದ್ರ ಹೌಟನ್ ಒಬ್ಬನೇ ಹೊಡದಿದ್ದ."