ಸಿಡ್ನಿಯ ಕುದುರೆಗಳಿಗೆ ನೆಗಡಿ ಬಂದಾಗ

ನನಗೂ ಕುದುರೆಗೂ ಇರುವ ನಂಟು ಅಷ್ಟಕ್ಕಷ್ಟೆ. ದಸರಾ ಮೆರವಣಿಗೆಯಲ್ಲಿ ದೂರದಿಂದ ನೋಡಿದ್ದು, ಒಂದು ಮದುವೆಯಲ್ಲಿ ಹತ್ತಿರ ನಿಂತು ಹೆದರಿದ್ದು, ಮುಗಿಯಿತು. ಆದರೂ 2007ರಲ್ಲಿ ಆಸ್ಟ್ರೇಲಿಯಾದ ಕುದುರೆಗಳಿಗೆ ಬಂದ ಫ್ಲೂ ಕತೆ ಓದಲು ಕೂತವನಿಗೆ ಕಾಫಿ ಆರಿದ್ದೇ ಗೊತ್ತಾಗಲಿಲ್ಲ.

ಸಿಡ್ನಿಯಲ್ಲಿ ಸೆಂಟೆನಿಯಲ್ ಪಾರ್ಕ್ ಅಂತ ದೊಡ್ಡ ಉದ್ಯಾನವಿದೆ. ಅದರ ಪಕ್ಕದ ಲಾಯಗಳಲ್ಲಿ ಊರಿನವರು ಬಾಡಿಗೆ ಕೊಟ್ಟು ಕುದುರೆ ಬಿಟ್ಟಿರುತ್ತಾರೆ, ನಾವು ಮಕ್ಕಳನ್ನು ಹಾಸ್ಟೆಲ್ಲಿಗೆ ಹಾಕಿದ ಹಾಗೆ. ಆಗಸ್ಟ್ 24ರಂದು ಅಲ್ಲಿನ ಕುದುರೆಗಳಿಗೆ ಫ್ಲೂ ಇರಬಹುದೆಂಬ ಅನುಮಾನ ಬಂತು. ಗೇಟು ಹಾಕಿದರು. ಮರುದಿನ, ದೇಶದ ಯಾವ ಕುದುರೆಯೂ ಇದ್ದಲ್ಲಿಂದ ಕದಲಕೂಡದು ಅಂತ ಆಜ್ಞೆ!

ನೆಗಡಿಗೆ ಇಷ್ಟು ಗಾಬರಿಯೇ ಅಂತೀರಾ? ಆ ದೇಶಕ್ಕೆ ಕುದುರೆ ಫ್ಲೂ ಅಲ್ಲಿಯವರೆಗೆ ಕಾಲಿಟ್ಟಿರಲೇ ಇಲ್ಲ. ಅಲ್ಲಿನ ಕುದುರೆಗಳಿಗೆ ಲಸಿಕೆಯೂ ಇಲ್ಲ, ತಡೆಯುವ ಶಕ್ತಿಯೂ ಇಲ್ಲ. ಒಂದು ಕೆಮ್ಮಿದರೆ ಎರಡು ಮೂರು ದಿನದಲ್ಲಿ ಲಾಯವಿಡೀ ಕೆಮ್ಮು.

1872ರಲ್ಲಿ ಟೊರಾಂಟೋ ಕಡೆ ಶುರುವಾದ ಇದೇ ಬಗೆಯ ರೋಗ ಉತ್ತರ ಅಮೆರಿಕವನ್ನೇ ಮಲಗಿಸಿತ್ತು. ನವೆಂಬರ್ 9ರ ರಾತ್ರಿ ಬಾಸ್ಟನ್ನಿಗೆ ಬೆಂಕಿ ಬಿದ್ದಾಗ, ಕುದುರೆಗಳು ಕಾಯಿಲೆ ಬಿದ್ದಿದ್ದರಿಂದ ಬೆಂಕಿ ಆರಿಸುವ ಗಾಡಿಗಳನ್ನು ಮನುಷ್ಯರೇ ಎಳೆದರು. ಇದೆಲ್ಲ ಕೆಟ್ಟ ಗಾಳಿಯ ಕೆಲಸ ಅಂತ ಆಗ ಬಹಳ ಮಂದಿ ನಂಬಿದ್ದರು. ನ್ಯೂಯಾರ್ಕಿನ ಜಡ್ಸನ್ ಎಂಬ ವೈದ್ಯರು ರೋಗ ಯಾವ ಊರಿಗೆ ಯಾವಾಗ ಬಂತೆಂದು ಗುರುತಿಸುತ್ತಾ ಹೋದರು. ಅದು ಹೋದದ್ದು ಗಾಳಿಯ ದಾರಿಯಲ್ಲಲ್ಲ, ಜನ ಮತ್ತು ಕುದುರೆ ಓಡಾಡುವ ದಾರಿಯಲ್ಲಿ ಅಂತ ತೋರಿಸಿದರು.

ನೂರಮೂವತ್ತೈದು ವರ್ಷ ಆದಮೇಲೂ ಸಿಡ್ನಿಯಲ್ಲಿ ಮರೆತದ್ದು ಇದನ್ನೇ ನೋಡಿ. ಜಪಾನಿನಿಂದ ಬಂದ ಗಂಡು ಕುದುರೆಗಳನ್ನು ಈಸ್ಟರ್ನ್ ಕ್ರೀಕ್‌ನ ಕ್ವಾರಂಟೈನ್ ಕೇಂದ್ರದಲ್ಲಿ ಕೂಡಿಹಾಕಿದ್ದರು. ಕುದುರೆಗಳನ್ನೇನೋ ಕೂಡಿಹಾಕಿದರು, ಮನುಷ್ಯರನ್ನು? ಕುದುರೆ ಮುಟ್ಟಿದವರು ಸ್ನಾನ ಮಾಡಿ ಬಟ್ಟೆ ಬದಲಿಸಿಯೇ ಹೊರಡಬೇಕು ಅನ್ನುವುದು ಅಲ್ಲಿ ಸರಿಯಾಗಿ ನಡೆಯುತ್ತಿರಲಿಲ್ಲ. ಯಾರದೋ ಮೈಮೇಲೋ ಸಲಕರಣೆಯ ಮೇಲೋ ವೈರಸ್ ಹೊರಬಿದ್ದಿರಬೇಕು ಅಂತ ತನಿಖೆ ಮಾಡಿದ ನಿವೃತ್ತ ನ್ಯಾಯಮೂರ್ತಿ ಇಯಾನ್ ಕ್ಯಾಲಿನನ್ 2008ರಲ್ಲಿ ವರದಿ ಕೊಟ್ಟರು. ಕೋಟಿಗಟ್ಟಲೆ ಬೆಲೆಯ ಕುದುರೆಗೆ ಪಹರೆ, ಚಪ್ಪಲಿಗೆ ಇಲ್ಲ. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಅಷ್ಟರಲ್ಲಿ ಮೈಟ್‌ಲ್ಯಾಂಡ್ ಹತ್ತಿರದ ಒಂದು ಸ್ಪರ್ಧೆಗೆ ಬಂದಿದ್ದ ಕುದುರೆಗಳು ರೋಗವನ್ನು ಹೊತ್ತು ತಂತಮ್ಮ ಊರಿಗೆ ಹೋಗಿಯಾಗಿತ್ತು. ಕ್ವೀನ್ಸ್‌ಲ್ಯಾಂಡಿನ ವಾರಿಕ್‌ನಲ್ಲಿ ವಾರಾಂತ್ಯದ ಇನ್ನೊಂದು ಸ್ಪರ್ಧೆಗೆಂದು ಬಂದ ಸವಾರರು ಕುದುರೆಗಳ ಜೊತೆ ವಾರಗಟ್ಟಲೆ ಅಲ್ಲೇ ಸಿಕ್ಕಿಬಿದ್ದರು. ಎರಡು ದಿನಕ್ಕೆ ಬಟ್ಟೆ ಕಟ್ಟಿಕೊಂಡು ಬಂದವರು!

ಲಾಯ ಕಾಯಲು ಇದ್ದ ಉಪಾಯಗಳು ನಮ್ಮ ಅಜ್ಜಿಯ ಮಡಿಯಂಥವೇ. ಕೈ ತೊಳಿ, ಬೂಟು ಔಷಧಿ ನೀರಲ್ಲಿ ಅದ್ದು, ಒಂದರ ಬಕೆಟ್ಟು ಇನ್ನೊಂದಕ್ಕೆ ಇಡಬೇಡ, ಕಾಯಿಲೆಯದನ್ನು ಮುಟ್ಟಿದವನು ಗಟ್ಟಿಯಾಗಿರುವುದರ ಹತ್ತಿರ ಸುಳಿಯಬೇಡ. ಸೆಪ್ಟೆಂಬರ್ ಕೊನೆಗೆ ಲಸಿಕೆ ಶುರುವಾಯಿತು. ಅದೂ ಜಾಣ ಲಸಿಕೆ: ರಕ್ತ ಪರೀಕ್ಷೆಯಲ್ಲಿ ಲಸಿಕೆ ಹಾಕಿಸಿಕೊಂಡ ಕುದುರೆ ಯಾವುದು, ರೋಗ ತಗುಲಿದ್ದು ಯಾವುದು ಅಂತ ಬೇರೆಬೇರೆಯಾಗಿ ಗೊತ್ತಾಗುತ್ತಿತ್ತು.

ಡಿಸೆಂಬರ್ ಹೊತ್ತಿಗೆ ರೋಗ ನಿಂತಿತು. ಸುಮಾರು ಎಪ್ಪತ್ತು ಸಾವಿರ ಕುದುರೆಗಳಿಗೆ ತಗುಲಿತ್ತು, ಎರಡೇ ರಾಜ್ಯಗಳಲ್ಲಿ. ವಿಕ್ಟೋರಿಯಾಕ್ಕೆ ದಾಟಲಿಲ್ಲ. ಸಿಡ್ನಿಯ ವಸಂತದ ರೇಸುಗಳು ರದ್ದಾದವು, ಮೆಲ್ಬರ್ನ್ ಕಪ್ ಮಾತ್ರ ನವೆಂಬರಿನಲ್ಲಿ ಎಂದಿನಂತೆ ಓಡಿತು.